ಬೀರಿನ ಹೆಪ್ಪು

ನನ್ನ ಗಂಡ ಭಾನುವಾರ ಬೇಸ್‌ಮೆಂಟಿನಲ್ಲಿ ಬೀರು ಹುದುಗಲು ಇಟ್ಟರು. ಅದೇ ವಾರ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಬೀರಿಗೆ ಇದೇನೂ ಗೊತ್ತಾಗಲಿಲ್ಲ. ಅದರ ಪಾಡಿಗೆ ಅದು ದೊಡ್ಡ ಗಾಜಿನ ಜಾಡಿಯಲ್ಲಿ ನೊರೆಯೆದ್ದು, ಬಾಯಿಗೆ ಸಿಕ್ಕಿಸಿದ್ದ, ನೀರು ತುಂಬಿದ ಪುಟ್ಟ ಕೊಳವೆಯಿಂದ ಗಾಳಿ ಬಿಡುತ್ತ, ಬುಳಕ್ ಬುಳಕ್ ಎನ್ನುತ್ತಲೇ ಇತ್ತು.

ಮಿಶಿಗನ್ನಿನ ಪ್ಲಿಮತ್ತಿನಲ್ಲಿದ್ದ ನಮ್ಮ ಮನೆ ಜನರಿಂದ ತುಂಬಿಹೋಯಿತು. ನಮ್ಮ ಬಡಾವಣೆಯ ಕನ್ನಡದವರೆಲ್ಲ ಸರದಿ ಹಾಕಿಕೊಂಡು ಸಾರು, ಪಲ್ಯ ತಂದರು. ನನಗೆ ಅಳು ಬರಲಿಲ್ಲ. ನಿಜ ಹೇಳಬೇಕೆಂದರೆ ದುಃಖವೂ ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಮುಟ್ಟಿಕೊಂಡರೆ ಬೇರೆ ಯಾರದ್ದೋ ಅನಿಸುತ್ತದಲ್ಲ, ಹಾಗಿದ್ದೆ. ಹಿಂದಿನ ಬೀದಿಯ ಆಂಟಿ, ನನ್ನ ತಾಯಿಯ ವಯಸ್ಸಿನವರು, ಬೆಳಿಗ್ಗೆಯೇ ಬಂದು ಅಡುಗೆಮನೆ ವಹಿಸಿಕೊಳ್ಳುತ್ತಿದ್ದರು. "ಅತ್ತುಬಿಡಮ್ಮ, ಒಳಗೇ ಇಟ್ಕೋಬಾರ್ದು" ಎಂದು ದಿನಾ ಅದೇ ಮಾತು. ಇಟ್ಟುಕೊಳ್ಳಲು ಒಳಗೆ ಏನಾದರೂ ಇದ್ದರೆ ತಾನೇ ಎಂದು ಕೇಳಿಬಿಡುವಷ್ಟು ರೇಗುತ್ತಿತ್ತು. ಕೇಳದೆ, ಬಟ್ಟೆ ಒಗೆಯುವ ನೆಪ ಮಾಡಿ ಬೇಸ್‌ಮೆಂಟಿಗೆ ಇಳಿದು ಜಾಡಿಯ ಎದುರು ಕೂರುತ್ತಿದ್ದೆ.

ಹಾಗೆಂದು ನನಗೆ ಬೀರಿನ ಮೇಲೆ ಪ್ರೀತಿಯೇನಿಲ್ಲ, ವಾಸನೆಯೇ ಸೇರುವುದಿಲ್ಲ. ಬಾಗಲಕೋಟೆಯ ಮಡಿವಂತರ ಮನೆಯಲ್ಲಿ ಬೆಳೆದ ನನ್ನ ಗಂಡ ಈ ಹುಚ್ಚು ಹಿಡಿಸಿಕೊಂಡದ್ದು ಇಟಾಸ್ಕಾ ಊರಿನ ನಮ್ಮ ಮೊದಲ ಅಪಾರ್ಟ್‌ಮೆಂಟಿನಲ್ಲಿ, ಕೋಟು ತೂಗುಹಾಕುವ ಕ್ಲಾಸೆಟ್ಟಿನೊಳಗೆ. ನನ್ನ ಚಳಿ ಕೋಟಿಗೂ ಅದೇ ವಾಸನೆ.

"ರೀ, ಆಫೀಸಲ್ಲಿ ಎಲ್ರೂ ನನ್ನ ಕುಡುಕಿ ಅನ್ಕೋತಾರೆ" ಎಂದು ಮೈಸೂರಿನವಳಾದ ನಾನು ರೇಗಿದರೆ, "ಅನ್ಕೊಳ್ಳಲಿ ಬಿಡು, ಯಾರೂ ಜಾಸ್ತಿ ಕೆಲಸ ಹೇಳಂಗಿಲ್ಲ" ಎಂದು ನಗುತ್ತಿದ್ದರು.

ಪ್ರತಿ ಸಲ ಬೀರು ಬಸಿದಾದ ಮೇಲೆ ಜಾಡಿಯ ತಳದಲ್ಲಿ ಯೀಸ್ಟಿನ ಗಸಿ ಉಳಿಯುತ್ತದೆ. ಅದನ್ನು ಉಪ್ಪಿನಕಾಯಿ ಬಾಟಲಿಗೆ ತುಂಬಿ, ಫ್ರಿಜ್ಜಿನಲ್ಲಿ ನನ್ನ ಮೊಸರಿನ ಪಕ್ಕವೇ ಇಡುತ್ತಿದ್ದರು. ಮುಂದಿನ ಸಲದ ಬೀರು ಏಳುವುದು ಅದರಿಂದಲೇ. ನಾನು ಮುಖ ಸಿಂಡರಿಸಿದರೆ, "ನಿನ್ನ ಮೊಸರಿಗೆ ಹೆಪ್ಪು ಹೆಂಗೋ ನನ್ನ ಬೀರಿಗೆ ಇದು ಹಂಗ. ಕೈ ಹಚ್ಚಬ್ಯಾಡ" ಎನ್ನುವರು. ಮಿಶಿಗನ್ನಿಗೆ ಮನೆ ಬದಲಿಸಿದಾಗ ಎರಡು ಹೆಪ್ಪೂ ಒಂದೇ ಐಸ್ ಡಬ್ಬಿಯಲ್ಲಿ, ಪುಟ್ಟ ಮಗಳ ಕಾರ್ ಸೀಟಿನ ಪಕ್ಕ ಕೂತು ಬಂದವು.

ಆ ಭಾನುವಾರ ಅವರು ಬಾಟಲಿಯಲ್ಲಿದ್ದುದನ್ನೆಲ್ಲ ಜಾಡಿಗೆ ಸುರಿದಿದ್ದರು. ಖಾಲಿ ಬಾಟಲಿ ಕೆಳಗಿನ ಸಿಂಕಿನಲ್ಲೇ ಇತ್ತು. ಅಂದರೆ ಇಟಾಸ್ಕಾದಿಂದ ಸಾಕಿಕೊಂಡು ಬಂದದ್ದು ಈಗ ಆ ಜಾಡಿಯಲ್ಲಿ ಮಾತ್ರ. ಬೀರು ಏನಾದರೂ ಆಗಲಿ, ತಳದ ಗಸಿ ನನಗೆ ಬೇಕಿತ್ತು. ಅವರ ಕೈಯದ್ದು, ಇನ್ನೂ ಉಸಿರಾಡುತ್ತಿದ್ದದ್ದು, ಅದೊಂದೇ. ಬುಳಕ್ ನಿಂತ ಮೇಲೆ ತೆಗೆದಿಡೋಣವೆಂದು ಕಾಲೇಜಿನಿಂದ ಬಂದಿದ್ದ ಮಗಳಿಗೆ ಹೇಳಿದೆ. ಫೋನಿನಲ್ಲಿ ಏನೋ ವಿಡಿಯೋ ನೋಡಿ, "ವಿ ಕ್ಯಾನ್ ಡೂ ದಿಸ್, ಅಮ್ಮಾ" ಎಂದಳು. ಬಾಟಲಿ ತೊಳೆದು, ಒರೆಸಿ, ಜಾಡಿಯ ಪಕ್ಕ ಇಟ್ಟೆ. ಆ ದಿನಗಳಲ್ಲಿ ಯಾರೂ ಹೇಳದೆ ನಾನಾಗಿಯೇ ಮಾಡಿದ ಕೆಲಸ ಅದೊಂದೇ ಇರಬೇಕು.

ಶುದ್ಧಿಯ ದಿನ ಬೆಳಿಗ್ಗೆ ಪೂಜೆಯ ಸಾಮಾನು ತರಲು ನಾನೂ ಮಗಳೂ ಪಕ್ಕದೂರು ಕ್ಯಾಂಟನ್ನಿನ ಇಂಡಿಯನ್ ಸ್ಟೋರಿಗೆ ಹೋಗಿದ್ದೆವು. ವಾಪಸು ಬಂದು ಬಾಗಿಲು ತೆಗೆದರೆ ಮನೆಯೆಲ್ಲ ತಳತಳ, ನೆಲವಿನ್ನೂ ಒದ್ದೆ. ಆಂಟಿ ನಾಲ್ಕು ಜನ ಹೆಂಗಸರನ್ನು ಸೇರಿಸಿಕೊಂಡು ಮೂಲೆಮೂಲೆ ತೊಳೆಸಿದ್ದರು. ನನ್ನ ಕಿವಿ ಕೆಳಗಿನ ಸದ್ದಿಗೆ ಕಾಯಿತು. ಸದ್ದಿಲ್ಲ. ಮೆಟ್ಟಿಲಿಳಿದು ನೋಡಿದೆ. ಟವೆಲಿನ ಮೇಲೆ ಜಾಡಿ ಬೋರಲು ಬಿದ್ದಿತ್ತು, ಒಂದು ಕಲೆಯೂ ಇಲ್ಲದೆ. ಉಪ್ಪಿನಕಾಯಿ ಬಾಟಲಿಯೂ ಪಕ್ಕದಲ್ಲಿ ಬೋರಲು.

ಹಿಂದೆಯೇ ಆಂಟಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಇಳಿದು ಬಂದರು. "ಅದೇನೋ ಹುಳಿ ಬಂದು ನೊರೆ ಎದ್ದಿತ್ತು ಕಣಮ್ಮ, ಕೆಟ್ಟ ವಾಸನೆ. ಪುರೋಹಿತರು ಬರೋ ಹೊತ್ತು. ಚೆಲ್ಲಿ, ಬಿಸಿನೀರು ಸೋಪು ಹಾಕಿ ಉಜ್ಜಿಟ್ಟಿದೀನಿ. ನೀನೇನೂ ಯೋಚ್ನೆ ಮಾಡ್ಬೇಡ."

ನಾನು ತಲೆಯಾಡಿಸಿದೆ. ಕೋಪ ಬರಬೇಕಿತ್ತು, ಬರಲಿಲ್ಲ. ಅವರ ಹಿಂದೆ ಅಡುಗೆಮನೆಗೆ ಹತ್ತಿ ಬಂದೆ. ಅಲ್ಲಿ ಅವರು ತಟ್ಟೆ ಮುಚ್ಚಿದ ಒಂದು ಸ್ಟೀಲ್ ಬಟ್ಟಲನ್ನು ನನ್ನ ಕೈಗಿಟ್ಟರು. ಒಳಗೆ ಗಟ್ಟಿ ಮೊಸರು.

"ನಿಮ್ಮನೇದೇ. ಮೊದಲನೇ ದಿನವೇ ಸ್ವಲ್ಪ ನಮ್ಮನೆಗೆ ತಗೊಂಡ್ಹೋಗಿ ದಿನಾ ಹೆಪ್ಪು ಹಾಕ್ತಿದ್ದೆ. ಈ ಗಲಾಟೇಲಿ ನಿನಗೆಲ್ಲಿ ನೆನಪಿರತ್ತೆ? ಇಷ್ಟು ವರ್ಷದ ಹೆಪ್ಪು ಕಳ್ಕೋಬಾರ್ದು ಕಣಮ್ಮ."

ಆಗ ಬಂತು ಅಳು. ಮೂಗು, ಬಾಯಿ, ಹೊಟ್ಟೆ, ಎಲ್ಲಿಂದೆಂದು ತಿಳಿಯದ ಹಾಗೆ ಬಂತು. ಆಂಟಿಯ ಮುಖಕ್ಕೆ ನೆಮ್ಮದಿ ಇಳಿಯಿತು. "ಅಳು, ಅಳು, ಹಗುರ ಆಗತ್ತೆ" ಎನ್ನುತ್ತ ಬೆನ್ನು ಸವರಿದರು.

ಬಾಗಿಲಲ್ಲಿ ನಿಂತಿದ್ದ ಮಗಳು, "ಆಂಟಿ, ದಟ್ ಜಾರ್ ವಾಸ್ ಅಪ್ಪಾಸ್..." ಎಂದು ಶುರು ಮಾಡಿದಳು. ಬಟ್ಟಲು ಕೆಳಗಿಡದೆಯೇ ಅವಳ ಕೈ ಹಿಡಿದು ಅದುಮಿದೆ.

"ಥ್ಯಾಂಕ್ಸ್ ಆಂಟಿ" ಅಂದೆ. "ನೀವಿಲ್ದಿದ್ರೆ ಇದೂ ಹೋಗ್ತಿತ್ತು."