ಮೂರು ಬದಿಯ ಲೇಸು

ನನ್ನ ಹಾಸ್ಟೆಲ್ ಕಾಲದ ಫ್ರೆಂಡ್ ಒಬ್ಬಳು ಕಡಬದ ಹತ್ತಿರ ಇಚಿಲಂಪಾಡಿಯಲ್ಲಿದ್ದಾಳೆ. ಸೊಂಟ ಮುರಿದ ಮೇಲೆ ಮಂಚದಲ್ಲಿಯೇ ಇದ್ದಾಳೆ, ಆದರೆ ಬಾಯಿಗೆ ಏನೂ ಆಗಿಲ್ಲ. ತನ್ನ ಕೊನೆಯ ದಿನಕ್ಕೆ ಬೇಕಾದದ್ದನ್ನೆಲ್ಲ ಟ್ರಂಕಿನಲ್ಲಿ ಜೋಡಿಸಿಟ್ಟಿದ್ದಾಳೆ. ಒಗೆದು ಮಡಚಿದ ಬಿಳಿ ಮುಂಡು, ಕುಪ್ಪಸ, ಜಪಮಾಲೆ, ಮೇಣದ ಬತ್ತಿ. ಕೇರಳದಿಂದ ಬಂದು ನೆಲೆಸಿದ ಅವರ ಕ್ರಿಶ್ಚಿಯನ್ ಕುಟುಂಬಗಳಲ್ಲಿ ಮುದುಕಿಯರು ಹೀಗೆ ಮೊದಲೇ ತಯಾರಾಗುವುದು ಉಂಟು. ಶವಪೆಟ್ಟಿಗೆ ಮುಚ್ಚುವ ಮೊದಲು ಮುಖದ ಮೇಲೆ ಒಂದು ಬಿಳಿ ವಸ್ತ್ರ ಹಾಸುತ್ತಾರಂತೆ. ಆ ವಸ್ತ್ರದ ನಾಲ್ಕೂ ಬದಿಗೆ ನನ್ನ ಕೈಯ ಲೇಸೇ ಬೇಕೆಂದು ಅವಳ ಹಠ. ಅಂಗಡಿಯ ನೈಲಾನ್ ಲೇಸು ಚುಚ್ಚುತ್ತದೆ ಎಂಬುದು ಕಾರಣ.

"ಸತ್ತ ಮೇಲೆ ಚುಚ್ಚಿದರೆ ನಿನಗೆ ಗೊತ್ತಾಗ್ತದಾ?" ಎಂದು ಕೇಳಿದ್ದೆ.

"ನನಗೆ ಗೊತ್ತಾಗುದಿಲ್ಲ. ನೋಡ್ತಾ ನಿಂತ ನಿನಗೆ ಗೊತ್ತಾಗ್ತದಲ್ಲ ಮಾರಾಯ್ತಿ."

ಒಪ್ಪಿಕೊಂಡೆ. ಅವಳು ಇರುವಾಗಲೇ ಮುಗಿಸಿ ಅವಳ ಕೈಗೆ ಕೊಡಬೇಕು, ಅವಳೇ ನೋಡಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಕಳೆದ ವರ್ಷದ ಆ ಕೆಲಸವೇ ಬಹುಶಃ ನನ್ನ ಕೊನೆಯ ಲೇಸು.

ಲೇಸು ಅಂದರೆ ಎಲ್ಲರೂ ಕ್ರೋಶಾ ಎಂದುಕೊಳ್ಳುತ್ತಾರೆ. ನಾನು ಮಾಡುವುದು ಬಾಬಿನ್ ಲೇಸು. ಗಟ್ಟಿಯಾಗಿ ತುಂಬಿಸಿದ ಒಂದು ದಿಂಬು. ನಮಗೆ ಅದು ಯಾವಾಗಲೂ ಪಿಲ್ಲೋ. ಅದರ ಮೇಲೆ ತೂತು ತೂತಿನ ಡಿಸೈನ್ ಕಾರ್ಡು. ಪುಟ್ಟ ಮರದ ಕಡ್ಡಿಗಳಿಗೆ ನೂಲು ಸುತ್ತಿ ತೂಗಬಿಡುತ್ತೇವೆ, ಅವೇ ಬಾಬಿನ್ನುಗಳು. ಜೋಡಿ ಜೋಡಿಯಾಗಿ ಅವನ್ನು ದಾಟಿಸಿ, ತಿರುಚಿ, ಪ್ರತಿ ತೂತಿಗೂ ಒಂದು ಪಿನ್ನು ಚುಚ್ಚುತ್ತಾ ಮುಂದೆ ಹೋಗಬೇಕು. ಹಿಂದಿನ ಪಿನ್ನು ಕಿತ್ತು ಮುಂದಕ್ಕೆ. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಸಿಸ್ಟರ್ ಒಬ್ಬರು ಶನಿವಾರ ಮಧ್ಯಾಹ್ನ ಇದನ್ನು ಕಲಿಸುತ್ತಿದ್ದರು. ಆಗ ಬಾಬಿನ್ ಸಾಕಾಗದೆ ಅಡಿಕೆ ಮರದ ಸಲಾಕೆಯಿಂದಲೇ ಕೆತ್ತಿಸಿದ್ದರು. ಉಜ್ಜಿ ಉಜ್ಜಿ ನಯ ಮಾಡಿದರೂ ಅಡಿಕೆ ಮರದ ನಾರು ಎಲ್ಲೋ ಅಡಗಿ ಕುಳಿತಿರುತ್ತದೆ. ಉಗುರಿನ ಸಂದಿಗೆ ಒಮ್ಮೆ ಹೊಕ್ಕರೆ ಸೂಜಿಯಿಂದ ಕೆದಕಿದಷ್ಟೂ ಒಳಗೇ ಹೋಗುತ್ತದೆ. ನನ್ನ ಎಡ ಹೆಬ್ಬೆರಳಿನಲ್ಲಿ ಅಂಥದೊಂದು ಈಗಲೂ ಕಪ್ಪು ಚುಕ್ಕೆಯಾಗಿ ಇದೆ.

ಪಿಲ್ಲೋಗೆ ಮರದ ಹುಡಿಯನ್ನು ಗುದ್ದಿ ಗುದ್ದಿ ತುಂಬಿಸಬೇಕೆಂದು ಸಿಸ್ಟರ್ ಹೇಳಿದ್ದರು. ನಾನು ಕಲ್ಲುಗುಂಡಿ ಕಡೆಯ ಹುಡುಗಿ. ರಜೆಗೆ ಹೋದಾಗ ಅಮ್ಮ, ಪಾಪ ಮಗಳು ಮಡಿಲಲ್ಲಿ ಇಟ್ಟುಕೊಳ್ಳುವ ದಿಂಬಲ್ಲವೇ ಎಂದು ಮನೆಯ ಬೂರುಗದ ಹತ್ತಿಯನ್ನೇ ತುಂಬಿಸಿ ಕೊಟ್ಟರು. ಎಷ್ಟು ಸಾಫ್ಟ್ ಎಂದರೆ ಚುಚ್ಚಿದ ಪಿನ್ನು ಸೀದಾ ಆಚೆ ಬಂದು ನನ್ನ ತೊಡೆಗೆ ತಾಗುತ್ತಿತ್ತು. ಅಮ್ಮ ಕೊಟ್ಟದ್ದನ್ನು ಹರಿಯಲು ಮನಸ್ಸಿಲ್ಲ. ಒಂದು ಇಡೀ ಟರ್ಮ್ ಹಲ್ಲು ಕಚ್ಚಿ ಕುಳಿತೆ. ಪಕ್ಕದಲ್ಲಿ ಕೂರುತ್ತಿದ್ದ ಇದೇ ಫ್ರೆಂಡ್, ನಿನ್ನ ಸ್ಕರ್ಟಿನ ಒಳಗೆ ಒಳ್ಳೆ ಡಿಸೈನ್ ಬರ್ತಾ ಉಂಟು, ಸಿಸ್ಟರಿಗೆ ತೋರಿಸು ಎಂದು ಕಿವಿಯಲ್ಲಿ ಹೇಳುವಳು.

ಅವಳಿಗೂ ಪಾಲು ಸಿಕ್ಕಿತು. ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿ ಹಿಡಿಯುವುದು ಅವಳ ಚಾಳಿ. ಒಂದು ಶನಿವಾರ ನಕ್ಕು ಒಂದನ್ನು ನುಂಗಿಬಿಟ್ಟಳು. ಭೇದಿಯ ಔಷಧಿ ಕೊಡಲೇಬಾರದು ಎಂದು ಸಿಸ್ಟರ್ ಅವಳಿಗೆ ಕಳಿತ ಬಾಳೆಹಣ್ಣಿನ ಮೇಲೆ ಬಾಳೆಹಣ್ಣು ತಿನ್ನಿಸಿದರು, ಪಿನ್ನಿಗೆ ಹಾಸಿಗೆಯಾಗಲಿ ಎಂದು. ಇಡೀ ಹಾಸ್ಟೆಲ್ ಅವಳ ಹೊಟ್ಟೆಗಾಗಿ ಪ್ರೇಯರ್ ಮಾಡಿತು. ಪಿನ್ನು ಬರಬೇಕಾದ ದಾರಿಯಲ್ಲಿ ಬಂತು. ಅವಳು ಅದನ್ನು ತೊಳೆದು ಮತ್ತೆ ಲೇಸಿಗೆ ಚುಚ್ಚಿದಳು ಎಂಬುದನ್ನು ನಾನಾಗಿ ಸಿಸ್ಟರಿಗೆ ಹೇಳಲಿಲ್ಲ.

ಬೆರಳಿನಿಂದ ರಕ್ತ ಬಂದು ಲೇಸಿಗೆ ತಾಗಿದರೆ ಏನು ಮಾಡಬೇಕೆಂದೂ ಅಲ್ಲಿಯೇ ಕಲಿತದ್ದು. ಬಿಳಿ ನೂಲಿನ ತುಂಡನ್ನು ಬಾಯಿಗೆ ಹಾಕಿ ಜಗಿದು, ಒದ್ದೆಯಾದ ಆ ಉಂಡೆಯಿಂದ ಕಲೆಯನ್ನು ಒತ್ತಿ ಒತ್ತಿ ತೆಗೆಯುವುದು. ಅವರವರ ರಕ್ತಕ್ಕೆ ಅವರವರದೇ ಎಂಜಲು ಆಗಬೇಕು, ಇನ್ನೊಬ್ಬರದು ನಡೆಯುವುದಿಲ್ಲ. ಮತ್ತೆ, ರಕ್ತ ಒಣಗುವ ಮೊದಲೇ ಆಗಬೇಕು.

ಪುತ್ತೂರಿನ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ರಿಟೈರ್ ಆದ ಮೇಲೆ ನಾನು ಅಲ್ಲಿಯೇ ಉಳಿದೆ. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಈಚೆ, ಬೇಕರಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಮದುವೆಯಾಗಲಿಲ್ಲ, ಅದರ ಹಿಂದೆ ದೊಡ್ಡ ಸ್ಟೋರಿ ಏನೂ ಇಲ್ಲ, ಆಗಲಿಲ್ಲ ಅಷ್ಟೆ. ಕೆಳಗೆ ಇಡೀ ದಿನ ಜನ, ಹಾರ್ನು, ಬನ್ನಿನ ಪರಿಮಳ. ಮೇಲೆ ನಾನು ಮತ್ತು ಪಿಲ್ಲೋ. ಬಾಯಿ ತೆರೆಯದೆಯೇ ಕಳೆದುಹೋಗುವ ದಿನಗಳು ಬಹಳ. ಪಿನ್ನು ಚುಚ್ಚಿದಾಗ ಮಾತ್ರ ಅಯ್ಯಬ್ಬ ಎಂದು ತಾನಾಗಿ ಒಂದು ಶಬ್ದ ಬರುತ್ತಿತ್ತು. ಅದರ ಬೆನ್ನಿಗೆ, ಕಣ್ಣೆಲ್ಲಿ ಇಟ್ಟಿದ್ದೀ ಎಂದು ನಮ್ಮ ಮನೆಮಾತಾದ ಅರೆಭಾಷೆಯಲ್ಲಿ, ಅಮ್ಮ ಬೈಯುವ ಧಾಟಿಯಲ್ಲಿಯೇ ನನ್ನನ್ನು ನಾನು ಬೈದುಕೊಳ್ಳುತ್ತಿದ್ದೆ. ಆ ಮನೆಯಲ್ಲಿ ಅರೆಭಾಷೆ ಕೇಳಿಸುತ್ತಿದ್ದದ್ದು ಆಗ ಮಾತ್ರ.

ಫ್ರೆಂಡಿನ ಲೇಸು ಎರಡು ಬದಿ ಚೆನ್ನಾಗಿಯೇ ಆಯಿತು. ಮೂರನೆಯ ಬದಿಗೆ ತಿರುಗುವ ಮೂಲೆಯಲ್ಲಿ ಒಂದು ಬೆಳಿಗ್ಗೆ ಕಂದು ಬಣ್ಣದ ಕಲೆ ಕಂಡಿತು. ಚಹಾ ಇರಬೇಕೆಂದು ಮೂಸಿ ನೋಡಿದೆ. ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಾ ಬಂದಾಗ ಬಲಗೈಯ ನಡುಬೆರಳಿನಿಂದ ಕೆಂಪು ಹನಿ ಎದ್ದಿತು. ಹಿಂದಿನ ದಿನ ಯಾವಾಗಲೋ ಪಿನ್ನು ಚುಚ್ಚಿದೆ, ನನಗೆ ತಿಳಿದೇ ಇಲ್ಲ. ನೂಲು ಜಗಿದು ಒತ್ತಿದೆ. ಕಲೆ ಒಣಗಿ ಗಟ್ಟಿಯಾಗಿತ್ತು. ಸ್ವಲ್ಪ ಮಾಸಿತೇ ಹೊರತು ಹೋಗಲಿಲ್ಲ.

ಡಾಕ್ಟರು ಕಣ್ಣು ಮುಚ್ಚಲು ಹೇಳಿ ಬೆರಳ ತುದಿಗಳಿಗೆ ಏನನ್ನೋ ತಾಗಿಸುತ್ತಾ, ಗೊತ್ತಾಗುತ್ತದಾ ಅಮ್ಮ, ಈಗ ಗೊತ್ತಾಗುತ್ತದಾ ಎಂದು ಕೇಳುತ್ತಾ ಹೋದರು. ಸ್ಟೂಡೆಂಟಿನ ಹಾಗೆ ಪಾಸಾಗುವ ಆಸೆಯಿಂದ ಒಂದೆರಡು ಸಲ ಯೆಸ್ ಎಂದುಬಿಟ್ಟೆ. ಅವರು ಆಗ ಮುಟ್ಟಿಯೇ ಇರಲಿಲ್ಲವಂತೆ. ಬಹಳ ವರ್ಷದ ಶುಗರ್, ನರಗಳು ಸೋತಿವೆ ಎಂದರು. ಪಿನ್ನು ಸೂಜಿಯ ಕೆಲಸ ಬಿಡಬೇಕು. ತಿಳಿಯದ ಗಾಯ ಹುಣ್ಣಾದರೆ ಬೆರಳೇ ಹೋದೀತು. ಟಿವಿ ನೋಡಿ ಎಂಬುದು ಅವರ ಸಲಹೆ.

ಬಿಡಲಿಲ್ಲ. ಇನ್ನೂ ಎರಡು ಬದಿ ಉಳಿದಿತ್ತು. ಬೆರಳುಗಳಿಗೆ ಪ್ಲಾಸ್ಟರ್ ಸುತ್ತಿಕೊಂಡೆ, ನೂಲು ಅದರ ಅಂಟಿಗೆ ಹಿಡಿದು ತುಂಡಾಯಿತು. ರಬ್ಬರ್ ಗ್ಲೌಸ್ ಹಾಕಿದೆ, ಬಾಬಿನ್ ಕೈಯಲ್ಲಿ ನಿಲ್ಲಲಿಲ್ಲ. ಕೊನೆಗೆ ಕಿಟಕಿಯ ಬೆಳಕಿನಲ್ಲಿ ಕುಳಿತು ಪ್ರತಿಯೊಂದು ಪಿನ್ನಿನ ನಂತರ ಬೆರಳು ನೋಡಿಕೊಳ್ಳುವುದು ಎಂದಾಯಿತು. ಮೊದಲು ನೋಡಬೇಕಿದ್ದದ್ದು ಲೇಸು, ಈಗ ಬೆರಳು. ಕೈ ನೋಡುವಷ್ಟರಲ್ಲಿ ಯಾವ ಜೋಡಿ ದಾಟಿಸಿದ್ದೆ ಎಂಬುದೇ ಮರೆಯುತ್ತಿತ್ತು. ಬಿಚ್ಚುವುದೆಂದರೆ ಮಾಡಿದ್ದನ್ನೆಲ್ಲ ಹಿಮ್ಮುಖವಾಗಿ ಇನ್ನೊಮ್ಮೆ ಮಾಡುವುದು. ದಿನಕ್ಕೆ ಒಂದು ಅಂಗುಲವೂ ಸಾಗುತ್ತಿರಲಿಲ್ಲ. ಇಷ್ಟೆಲ್ಲ ಚುಚ್ಚಿಕೊಂಡರೂ ಮನೆಯಲ್ಲಿ ಒಂದು ಶಬ್ದ ಇಲ್ಲ. ಚುಚ್ಚಿದ್ದು ಕಣ್ಣಿಗೆ ಕಂಡರೆ ಬಾಯಿ ಅಯ್ಯಬ್ಬ ಎನ್ನುವುದಿಲ್ಲ, ಅದು ನನಗೆ ಆಗಲೇ ಗೊತ್ತಾದದ್ದು.

ಮೂರನೆಯ ಬದಿ ಮುಗಿಯುವ ಹೊತ್ತಿಗೆ ಫ್ರೆಂಡಿನ ಸೊಸೆ ಫೋನ್ ಮಾಡಿದಳು. ಅತ್ತೆ ಎರಡು ದಿನದಿಂದ ಊಟ ಬಿಟ್ಟಿದ್ದಾರೆ, ಆಂಟಿ ಒಮ್ಮೆ ಬಂದು ಹೋದರೆ ಒಳ್ಳೆಯದು ಎಂದಳು. ಪಿಲ್ಲೋವನ್ನು ಹಾಗೆಯೇ, ಪಿನ್ನು ಬಾಬಿನ್ನು ಸಮೇತ ಟವೆಲಿನಲ್ಲಿ ಸುತ್ತಿ ಕಡಬದ ಬಸ್ಸು ಹತ್ತಿದೆ. ಪಕ್ಕದ ಹೆಂಗಸು, ಮಗುವಿಗೆ ಜ್ವರವಾ ಎಂದು ಕೇಳಿ ಸೀಟಿನಲ್ಲಿ ಜಾಗ ಬಿಟ್ಟುಕೊಟ್ಟಳು. ಅಲ್ಲ ಎನ್ನಲು ಬೇಜಾರಾಗಿ ತಲೆಯಾಡಿಸಿದೆ.

ಅವಳು ಬಹಳ ಸಣ್ಣಗಾಗಿದ್ದಳು. ಟವೆಲ್ ಬಿಚ್ಚಿ ಪಿಲ್ಲೋವನ್ನು ಮಂಚದ ಮೇಲೆ ಅವಳ ಪಕ್ಕಕ್ಕೆ ಇಟ್ಟು, ನಾಲ್ಕನೆಯ ಬದಿ ಆಗಲಿಲ್ಲ, ಇನ್ನು ಆಗುವ ಹಾಗೂ ಕಾಣುವುದಿಲ್ಲ ಎಂದು ಹೇಳಿದೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಲೇಸಿನ ಮೇಲೆ ಕೈಯಾಡಿಸುತ್ತಾ ಬಂದು ಕಲೆಯ ಆ ಮೂಲೆಯಲ್ಲಿ ನಿಲ್ಲಿಸಿದಳು.

"ಇದೆಂತ, ಚಾ ಚೆಲ್ಲಿದ್ದಾ?"

"ನನ್ನ ರಕ್ತ. ಚುಚ್ಚಿದ್ದು ಗೊತ್ತಾಗಲಿಲ್ಲ. ಹೋಗುದಿಲ್ಲ ಅದು."

ಅವಳು ಕಲೆಯನ್ನು ಬೆರಳಿನಿಂದ ಸವರಿದಳು. "ಇರಲಿ ಬಿಡು. ನಾನೊಬ್ಬಳೇ ಹೋಗುದಲ್ಲ ಹಾಗಾದರೆ."

ಆಮೇಲೆ ಸೊಸೆಯಿಂದ ಕತ್ತರಿ ತರಿಸಿ, ಕತ್ತರಿಸು ಎಂದಳು. ನನಗೆ ಕೈ ಬರಲಿಲ್ಲ. ಪ್ಯಾಟರ್ನಿನ ಮಧ್ಯದಲ್ಲಿ ಕತ್ತರಿಸುವುದು ಎಂದರೆ ಸಿಸ್ಟರ್ ಕಲಿಸಿದ್ದಕ್ಕೆಲ್ಲ ವಿರುದ್ಧ. ಅವಳಿಗೆ ರೇಗಿತು.

"ನಾಲ್ಕನೇ ಬದಿ ಗದ್ದದ ಅಡಿಗೆ ಹೋಗುದು ಮಾರಾಯ್ತಿ. ಅಲ್ಲಿ ಯಾರು ಬಗ್ಗಿ ನೋಡುದು? ನಿನ್ನ ಬೆರಳು ಹೋದರೆ ನಾನು ಮೇಲೆ ಹೋಗಿ ಎಂತ ಹೇಳುದು?"

ಜೋಡಿ ಜೋಡಿಯಾಗಿ ಗಂಟು ಹಾಕಿ ಕತ್ತರಿಸಿದೆ. ಬಾಬಿನ್ನುಗಳು ಒಂದೊಂದೇ ಹಾಸಿಗೆಯ ಮೇಲೆ ಉರುಳಿದವು. ಪಿನ್ನುಗಳನ್ನು ಸೊಸೆ ಕಿತ್ತಳು, ನನ್ನನ್ನು ಮುಟ್ಟಲು ಬಿಡಲಿಲ್ಲ. ಟ್ರಂಕಿನಿಂದ ವಸ್ತ್ರ ಬಂತು. ಫ್ರೆಂಡ್ ಮಲಗಿದಲ್ಲಿಯೇ ಅದನ್ನು ಎದೆಗಾನಿಸಿ ಮೂರು ಬದಿಗೂ ಲೇಸು ಹೊಲಿದಳು. ಹೊಲಿಗೆ ಓರೆಕೋರೆ. ಊಟ ಬಿಟ್ಟವಳು ನಡುವೆ ಎರಡು ಸಲ ಗಂಜಿ ಕೇಳಿ ಕುಡಿದಳು. ಸೊಸೆ ನನ್ನ ಕಡೆ ನೋಡಿದಳು, ನಾನು ಕಿಟಕಿಯ ಕಡೆ ನೋಡಿದೆ.

ನೂಲು ಕಡಿದ ಮೇಲೆ ಅವಳು ವಸ್ತ್ರವನ್ನು ಬಿಡಿಸಿ ತನ್ನ ಮುಖದ ಮೇಲೆ ಹಾಕಿಕೊಂಡಳು. ಕೈಗಳನ್ನು ಎದೆಯ ಮೇಲೆ ಜೋಡಿಸಿದಳು. ಲೇಸಿಲ್ಲದ ಬದಿ ಅವಳು ಹೇಳಿದಂತೆಯೇ ಗದ್ದದ ಕೆಳಗೆ ಹೋಯಿತು. ಉಸಿರಿಗೆ ಬಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು.

"ಚಂದ ಉಂಟಾ?" ಎಂದು ಒಳಗಿನಿಂದ ಕೇಳಿದಳು.

"ಉಂಟು. ತೆಗಿ ಇನ್ನು."

"ಸ್ವಲ್ಪ ನೋಡು. ಆ ದಿನ ನಿನಗೆ ಬಸ್ಸು ಸಿಗ್ತದೋ ಇಲ್ಲವೋ."

ನೋಡುತ್ತಾ ಕುಳಿತೆ. ನಾನು ವಾಪಸು ಹೋಗಬೇಕಿದ್ದ ಕಡಬದ ಜೀಪು ಹಾರ್ನ್ ಹೊಡೆದು ಹೋಯಿತು, ನಾನು ಏಳಲಿಲ್ಲ. ಅವಳಾಗಿ ತೆಗೆಯುವವರೆಗೂ ಕುಳಿತಿದ್ದೆ.