ಸರದಿ ಪಾವಗಡಕ್ಕೆ ಹೋಯಿತು

ನಮ್ಮ ಮ್ಯಾನೇಜರಿಗೆ ವೃತ್ತ ಅಂದರೆ ಪ್ರಾಣ. ಮಧುಗಿರಿಯ ಹೆಡ್ ಆಫೀಸಿನ ಬಿಳಿ ಬೋರ್ಡಿನ ಮೇಲೆ ಒಂದರೊಳಗೊಂದು ಮೂರು ವೃತ್ತ ಬರೆದು, ಮಾರ್ಕರಿಗೆ ಮುಚ್ಚಳ ಹಾಕಿ ನಮ್ಮ ಮುಖ ನೋಡಿದರೆ ಸಭೆ ಶುರುವಾಯಿತೆಂದು ಅರ್ಥ. ಒಳಗಿನದು ಒಂದು ಊರಿನ ಆಫೀಸು. ಅದರ ಸುತ್ತಲಿನದು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿದ ಇಡೀ ಕಂಪನಿ. ಹೊರಗಿನದು ಬ್ಯಾಂಕು, ಹವಾಮಾನದವರು, ಬೀಜದ ಅಂಗಡಿಯವರು, ಅಂದರೆ ನಮ್ಮ ಮಾತು ಕೇಳಬೇಕಾದ ಹಂಗಿಲ್ಲದ ಜನ.

ಕಂಪನಿಯ ಕೆಲಸ ದೊಡ್ಡ ರಹಸ್ಯವೇನಲ್ಲ. ರೈತರಿಗೆ ಟ್ರ್ಯಾಕ್ಟರು, ಬಿತ್ತನೆ ಯಂತ್ರ ಬಾಡಿಗೆಗೆ ಕಳಿಸುವುದು. ನಾನು ಶಿರಾ ಆಫೀಸಿನಲ್ಲಿ ಕೂತು ಅದರ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಮೊದಲು ಎಲ್ಲವೂ ಒಂದೇ ದೊಡ್ಡ ಪ್ರೋಗ್ರಾಂ ಆಗಿತ್ತು; ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಅದನ್ನು ಒಡೆದು ಬೇರೆ ಬೇರೆ ಸರ್ವಿಸ್ ಮಾಡಿದೆವು. ಸರದಿ ಕೊಡುವುದು ಒಂದು, ಡ್ರೈವರನ್ನು ಗೊತ್ತುಮಾಡುವುದು ಒಂದು, ಯಂತ್ರ ಎಲ್ಲಿದೆ ಎಂದು ಹೇಳುವುದು ಒಂದು, ಬಿಲ್ ಹಾಕುವುದು ಇನ್ನೊಂದು. ಹೋಟೆಲಿನಲ್ಲಿ ದೋಸೆ ಹಾಕುವವನು ಬೇರೆ, ಕಾಫಿ ಬೆರೆಸುವವನು ಬೇರೆ ಇರುತ್ತಾರಲ್ಲ, ಹಾಗೆ. ಒಬ್ಬರ ಒಲೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ, ಬೇಕಾದ್ದನ್ನು ಕೂಗಿ ಕೇಳುತ್ತಾರೆ. ಇಷ್ಟರ ಮಟ್ಟಿಗೆ ನನ್ನದೇನೂ ತಕರಾರಿರಲಿಲ್ಲ.

ಜಗಳ ಬಂದದ್ದು ಯಾವ ಸರ್ವಿಸ್ ಯಾವ ವೃತ್ತದಲ್ಲಿ ಕೂರಬೇಕು ಅನ್ನುವುದರಲ್ಲಿ. ಬಿಲ್ಲು ನಾಲ್ಕೂ ಊರಿಗೆ ಒಂದೇ ಇರಲಿ ಅಂದೆ. ಡ್ರೈವರುಗಳ ಲೆಕ್ಕವೂ ಹಾಗೇ ಇರಲಿ ಅಂದೆ. "ಸರದಿ ಒಂದನ್ನ ಮಾತ್ರ ಊರಿನ ಮಟ್ಟದಲ್ಲೇ ಬಿಡಿ ಸಾರ್. ನಮ್ಮ ಕಡೆ ಕಡಲೆಕಾಯಿ ಬಿತ್ತೋದು ಹದ ನೋಡಿ. ಮಳೆ ಬಂದ ಮೇಲೆ ಒಂದೊಂದು ಹೊಲ ಒಂದೊಂದು ದಿನ ಹದಕ್ಕೆ ಬರುತ್ತೆ. ನಂದಿನ್ನೂ ಕೆಸರು, ನೀನು ಬಿತ್ಕೋ ಅಂತ ಪಕ್ಕದವರಿಗೆ ಸರದಿ ಬಿಟ್ಟುಕೊಡ್ತಾರೆ, ಆಮೇಲೆ ಅವರದನ್ನ ಇವರು ತಗೋತಾರೆ. ಬದುವಿನ ಮೇಲೆ ನಿಂತು ತೀರ್ಮಾನ ಆಗೋ ವಿಷಯ ಅದು."

"ಇದೇ ಸರದಿ ಸರ್ವಿಸನ್ನ ಕೊರಟಗೆರೆಯಲ್ಲಿ ಒಂದು ಸೀಸನ್ ಪೂರ್ತಿ ಓಡಿಸಿದ್ದೀವಲ್ಲ. ಒಂದು ದೂರೂ ಬಂದಿಲ್ಲ" ಅಂದರು ಮ್ಯಾನೇಜರು.

ಕೊರಟಗೆರೆಯಲ್ಲಿ ಅದು ಓಡಿದ್ದು ತೆಂಗಿನ ತೋಟ ಉಳುವುದಕ್ಕೆ. ತೋಟವನ್ನು ಇವತ್ತು ಉತ್ತರೂ ಆಯಿತು, ಬರುವ ವಾರ ಉತ್ತರೂ ಆಯಿತು; ತೆಂಗಿನ ಮರ ಎದ್ದು ಎಲ್ಲಿಗೂ ಹೋಗುವುದಿಲ್ಲ. ಇದನ್ನೂ ಹೇಳಿದೆ. ಅವರು ತಲೆಯಾಡಿಸಿ, ನಡುವಿನ, ಅಂದರೆ ಇಡೀ ಕಂಪನಿಯ ವೃತ್ತದೊಳಗೆ 'ಸರದಿ' ಎಂದು ಬರೆದು ಅಡಿಗೆರೆ ಎಳೆದರು. ಮೆತ್ತನೆಯ ಮನುಷ್ಯ, ದನಿ ಏರಿಸುವವರಲ್ಲ. ನನಗೆ ಮೈ ಉರಿಯುತ್ತಿದ್ದದ್ದೇ ಅದಕ್ಕೆ. ಎದುರಿಗಿರುವವರು ಕೂಗಾಡಿದರೆ ನಾವೂ ಕೂಗಾಡಬಹುದು, ತಲೆಯಾಡಿಸುವವರ ಹತ್ತಿರ ಏನು ಮಾಡುವುದು?

ನನ್ನ ಅಕ್ಕನನ್ನು ಕೊಟ್ಟಿರುವುದು ನಮ್ಮ ಶಿರಾ ಕಡೆಯ ಕಳ್ಳಂಬೆಳ್ಳದ ಹತ್ತಿರ. ಅವಳದು ಎತ್ತರದ ಕೆಂಪು ಮಣ್ಣಿನ ಹೊಲ. ಬದುವಿನ ಆಚೆ, ತಗ್ಗಿನಲ್ಲಿರುವ ಹೊಲದವರನ್ನು ಅಕ್ಕ ಭಾಯಿ ಅನ್ನುತ್ತಾಳೆ, ಅವರು ಇವಳನ್ನು ತಂಗಿ ಅನ್ನುತ್ತಾರೆ. ಹೊಸ ಏರ್ಪಾಟು ಬಂದ ವರ್ಷ ಇಬ್ಬರೂ ನಮ್ಮ ಆಪಿನಲ್ಲೇ ಯಂತ್ರ ಬುಕ್ ಮಾಡಿದರು. ಭಾಯಿಯ ಸರದಿ ಮೊದಲು ಬಂತು, ಅಕ್ಕನದು ಅದಾದ ಎರಡು ದಿನಕ್ಕೆ. ಅಕ್ಕ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬೀಜದ ಕಾಯಿ ಸುಲಿದು, ಔಷಧಿ ಬೆರೆಸಿ ಇಟ್ಟಿದ್ದಳು. ಔಷಧಿ ಬೆರೆಸಿದ ಬೀಜ ತಿನ್ನುವುದಕ್ಕೂ ಬರುವುದಿಲ್ಲ, ಮಾರುವುದಕ್ಕೂ ಬರುವುದಿಲ್ಲ. ಅದು ಮಣ್ಣಿಗೇ ಹೋಗಬೇಕು, ಹದ ಇರುವಾಗಲೇ ಹೋಗಬೇಕು.

ಒಳ್ಳೆಯ ಮಳೆಯೇ ಬಂತು. ಭಾಯಿಯ ಸರದಿಯ ದಿನ ಬೆಳಿಗ್ಗೆ ಅವರ ಹೊಲದಲ್ಲಿ ಕಾಲಿಟ್ಟರೆ ಹೂತುಕೊಳ್ಳುತ್ತಿತ್ತು. ಅಕ್ಕನ ಹೊಲ ಮಾತ್ರ ಬೇಕಾದ ಹದಕ್ಕೆ ಬಂದು ಕೂತಿತ್ತು. "ನನ್ ಸರದಿ ನೀನೇ ತಗಂಬುಡು ತಂಗಿ" ಅಂದರು ಭಾಯಿ. ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಆಗುತ್ತಿತ್ತೋ ಏನೋ. ಕಂಪನಿಯವರಿಗೂ ತಿಳಿದಿರಲಿ ಎಂದು ಫೋನು ತೆಗೆದು, ಸರದಿ ಬಿಟ್ಟುಕೊಡುವ ಗುಂಡಿ ಹುಡುಕಿದರು. ಅಂಥ ಗುಂಡಿ ಇರಲಿಲ್ಲ, 'ರದ್ದು' ಅನ್ನುವುದೊಂದಿತ್ತು. ನಾನು ಬಿಟ್ಟದ್ದು ಪಕ್ಕದ ಹೊಲಕ್ಕಲ್ಲದೆ ಇನ್ನೆಲ್ಲಿಗೆ ಹೋಗುತ್ತದೆ ಎಂದುಕೊಂಡು ಅದನ್ನೇ ಒತ್ತಿದರು.

ಅದು ಪಾವಗಡಕ್ಕೆ ಹೋಯಿತು. ನಾಲ್ಕೂ ಊರಿನ ಸಾಲಿನಲ್ಲಿ ಮುಂದಿನ ಹೆಸರು ಅಲ್ಲಿನ ರೈತರದಾಗಿತ್ತು. ಸರದಿ ಸರ್ವಿಸ್ ಕೇಳಿತು, ಯಂತ್ರ ಖಾಲಿ ಇದೆ ಎಂದು ಯಂತ್ರದ ಸರ್ವಿಸ್ ಹೇಳಿತು, ಡ್ರೈವರ್ ಇದ್ದಾನೆ ಎಂದು ಡ್ರೈವರ್ ಸರ್ವಿಸ್ ಹೇಳಿತು. ಆಗಲೇ ಕಳ್ಳಂಬೆಳ್ಳ ಕೆರೆಯ ಹತ್ತಿರ ಬಂದಿದ್ದ ಟ್ರ್ಯಾಕ್ಟರು ತಿರುಗಿಸಿಕೊಂಡು ಶಿರಾ ದಾರಿ ಹಿಡಿಯಿತು.

ಅಕ್ಕ ಫೋನ್ ಮಾಡಿದಳು. "ಲೇ, ಯಂತ್ರ ಬಂದಿದ್ದು ಬಂದಂಗೇ ತಿರಿಕ್ಕಂಡು ಹೋಯ್ತಲ್ಲೋ! ಭೂಮಿ ಹದವಾಗಿ ಕುಂತೈತೆ, ಬೀಜ ಸುಲುದು ಮಡಗಿವ್ನಿ. ಎಲ್ಗೆ ಕಳಿಸ್ಬುಟ್ಟೆ ಅದ್ನ?"

"ನಾನ್ ಕಳಿಸ್ಲಿಲ್ಲ ಕಣಕ್ಕ, ಅದೇ ಹೋಗ್ತಾ ಐತೆ."

"ಅದೇ ಹೋಗಾಕೆ ಅದೇನು ಎಮ್ಮೇನಾ? ಹಗ್ಗ ಹಿಡ್ದಿರೋರು ನಿಮ್ಮೋರೇ ತಾನೆ?"

ಅಷ್ಟರಲ್ಲಿ ಪಾವಗಡ ಆಫೀಸಿನಲ್ಲಿರುವ ಹೆಂಗಸಿನ ಫೋನು. "ಸಾರ್, ಇಕ್ಕಡ ವಾನ ಲೇದು ಸಾರ್. ಒಂದು ಹನಿ ಮಳೇನೂ ಬಿದ್ದಿಲ್ಲ, ಯಂತ್ರ ಯಾಕೆ ಕಳಿಸ್ತಾ ಇದ್ದೀರಾ?" ರದ್ದು ಮಾಡಿಬಿಡಿ ಅಂದೆ. "ಮಾಡಿದ್ರೆ ಮಧುಗಿರಿಯೋರಿಗೆ ಹೋಗ್ತದೆ ಅಂತ ತೋರಿಸ್ತಾ ಐತೆ, ಮಾಡ್ಲಾ?" ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಎದುರಿನ ಪರದೆಯ ಮೇಲೆ ಒಂದೇ ಒಂದು ಕೆಂಪು ಗುರುತಿರಲಿಲ್ಲ.

ಮ್ಯಾನೇಜರಿಗೆ ಫೋನ್ ಮಾಡಿದೆ. ಸಾಲನ್ನು ಕೈಯಿಂದ ತಿದ್ದುವ ಅಧಿಕಾರ ಇದ್ದದ್ದು ಅವರೊಬ್ಬರಿಗೇ.

"ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದರೆ ಒಂದು ಸಲ ಕೈಯಿಂದ ತಿದ್ದಿದರೆ ನಿಯಮ ಅನ್ನೋದೇ ಉಳಿಯಲ್ಲ. ಮಳೆ ಮಾಹಿತಿ ಮೂರನೇ ವೃತ್ತದ್ದು, ಅದನ್ನ ಜೋಡಿಸೋದು ಮುಂದಿನ ಹಂತ."

"ಹೊಲ ಯಾವ ವೃತ್ತದಲ್ಲಿ ಬರುತ್ತೆ ಸಾರ್?"

"ಒಳ್ಳೆ ಪ್ರಶ್ನೆ. ಮೀಟಿಂಗಿನಲ್ಲಿ ತಗೊಳ್ಳೋಣ" ಅಂದರು. ಫೋನನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು.

ಕೊನೆಗೆ ಭಾಯಿಯೇ ತಮ್ಮ ಎತ್ತುಗಳನ್ನು ತಂದು, ಅಟ್ಟದ ಮೇಲಿದ್ದ ಹಳೆಯ ಕೂರಿಗೆ ಇಳಿಸಿ ಅಕ್ಕನ ಹೊಲಕ್ಕೆ ಹೂಡಿದರು. ಕತ್ತಲಾಗುವ ಹೊತ್ತಿಗೆ ಅರ್ಧ ಹೊಲ ಮುಗಿದಿತ್ತು. ಮಾರನೆಯ ದಿನ ಅವರ ತಗ್ಗಿನ ಹೊಲವೂ ಹದಕ್ಕೆ ಬಂತು. ಸರದಿ ರದ್ದು ಮಾಡಿಕೊಂಡವರಿಗೆ ಯಂತ್ರ ಎಲ್ಲಿಂದ ಬರಬೇಕು? "ನಿಂದು ಮೊದ್ಲು ನೋಡ್ಕ ಹೋಗು ಭಾಯಿ" ಎಂದು ಅಕ್ಕನೇ ಎತ್ತುಗಳನ್ನು ವಾಪಸ್ಸು ಕಳಿಸಿದಳು. ಅದರ ಮಾರನೆಯ ದಿನ ಅಕ್ಕನ ಸರದಿ. ನಮ್ಮ ಯಂತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂದು ನಿಂತಿತು. ಎರಡು ದಿನದ ಬಿಸಿಲಿಗೆ, ಗಾಳಿಗೆ ಕೆಂಪು ನೆಲ ಒಣಗಿ ಗಟ್ಟಿಯಾಗಿತ್ತು. ಬೀಜವನ್ನು ಮನೆಯಲ್ಲಿಟ್ಟುಕೊಂಡು ಏನು ಮಾಡಲಿ ಎಂದು ಅಕ್ಕ ಮಿಕ್ಕರ್ಧವನ್ನು ಹಾಗೇ ಬಿತ್ತಿಸಿದಳು. ನಮ್ಮ ಪರದೆಯ ಮೇಲೆ ಬಂದದ್ದು ಇಷ್ಟು: ಯಂತ್ರ ಸಮಯಕ್ಕೆ ತಲುಪಿದೆ. ಸ್ಥಳ ಸರಿ. ಬಿತ್ತನೆ ಪೂರ್ಣ.

ಮೀಟಿಂಗಿನಲ್ಲಿ ಈ ಹೊಲದ ಕಥೆಯನ್ನು ನಾನು ಬಾಯಿ ಒಣಗುವವರೆಗೆ ಹೇಳಿದೆ. ಮ್ಯಾನೇಜರು ತಲೆಯಾಡಿಸುತ್ತ ಎಲ್ಲವನ್ನೂ ಕೇಳಿದರು. ಅವರ ಮನಸ್ಸಿನಲ್ಲಿ ಉಳಿದದ್ದು, ಶಿರಾ ಕಡೆ ನಮ್ಮದೇ ಸಿಬ್ಬಂದಿಯ ಮನೆಯವರು ಯಂತ್ರ ಬಳಸಿದ್ದಾರೆ, ಪ್ರಚಾರಕ್ಕೆ ಅಲ್ಲಿ ಒಂದು ಫೋಟೋ ತೆಗೆಯಬಹುದು ಅನ್ನುವುದೊಂದೇ.

ಪೈರು ಎದ್ದ ಮೇಲೆ ಬಂದೇಬಿಟ್ಟರು. ಅಕ್ಕ ಮಜ್ಜಿಗೆ ಕೊಟ್ಟಳು. ಹೊಲಕ್ಕೆ ಹೋದೆವು. ಭಾಯಿ ಬಿತ್ತಿದ ಅರ್ಧ ಹೂ ಬಿಟ್ಟು ಸಾಲು ಮುಚ್ಚಿತ್ತು. ಮಿಕ್ಕರ್ಧದಲ್ಲಿ ಅಲ್ಲೊಂದು ಇಲ್ಲೊಂದು ಗಿಡ, ಉಳಿದದ್ದೆಲ್ಲ ಬರೀ ಮಣ್ಣು. ಮ್ಯಾನೇಜರು ಪ್ಯಾಂಟು ಮಡಚಿಕೊಂಡು ಹಸಿರಿನ ಕಡೆಗೆ ನಡೆದರು. ಅವರ ಫೋನು ನನ್ನ ಕೈಯಲ್ಲಿತ್ತು.

"ಅಲ್ಲಲ್ಲ ಸ್ವಾಮಿ" ಅಂದಳು ಅಕ್ಕ. "ಅದು ನಮ್ ಭಾಯಿ ಎತ್ಗೋಳು ಬಿತ್ತಿದ್ದು. ನಿಮ್ದು ಈ ಕಡೆ ಐತೆ. ಬನ್ನಿ, ಇಲ್ ನಿಂತ್ಕಳಿ."

ಅವರು ಬಂದು ನಿಂತರು, ಪಾಪ. ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. "ನೀನೂ ಹೋಗ್ಲಾ. ನೀನೂ ಅವ್ರ ಕಡೆಯೋನೇ ಅಲ್ವಾ? ಪಕ್ಕದಾಗೆ ನಿಂತ್ಕ, ಫೋಟೋ ನಾನೇ ತೆಗೀತೀನಿ."

ಮೊದಲಿಂದಲೂ ನಾನು ಬೇಡ ಅಂದವನು ಎಂದು ಹೇಳಲು ಬಾಯಿ ತೆರೆದೆ. ಅಕ್ಕ ಆಗಲೇ ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು. ಹೋಗಿ ಅವರ ಪಕ್ಕ ನಿಂತೆ.