ಕ್ಯಾರವಾನಿನಲ್ಲಿ ಸೌದ

ಮಗು ಗುಣವಾಯಿತೆಂದು ಬೇಜಾರು ಮಾಡಿಕೊಂಡ ತಾಯಿಯನ್ನು ನನ್ನ ಹದಿನಾಲ್ಕು ವರ್ಷದ ನರ್ಸ್ ಕೆಲಸದಲ್ಲಿ ಒಬ್ಬಳನ್ನೇ ನೋಡಿದ್ದೇನೆ. ಅವಳು ಸೌದ.

ಒಮಾನಿನ ನಿಜ್ವಾದ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಅವಳು ಜ್ವರ ಬಂದ ಮಗಳು ಆಫಿಯಾಳನ್ನು ಮಡಿಲಲ್ಲಿ ಹಾಕಿಕೊಂಡು ಬ್ಯಾರಿ ಭಾಷೆಯಲ್ಲಿ ಸಮಾಧಾನ ಮಾಡುತ್ತಿದ್ದಳು. "ಊರು ಯಾವುದು ಮಾರಾಯ್ತಿ?" ಎಂದು ನಾನು ಕನ್ನಡದಲ್ಲಿ ಕೇಳಿದ್ದೇ ತಡ, ಕಟ್ಟೆ ಒಡೆಯಿತು. ಅವಳದ್ದು ಫರಂಗಿಪೇಟೆ, ನನ್ನದು ಬೆಳ್ಮಣ್ಣು. ಮೂರು ದಿನ ಅವಳ ಬಾಯಿಗೆ ಬಿಡುವಿರಲಿಲ್ಲ. ನಾಲ್ಕನೆಯ ದಿನ ಡಾಕ್ಟರು ಮನೆಗೆ ಹೋಗಬಹುದು ಎಂದಾಗ ಅವಳ ಮುಖ ಬಾಡಿತು.

"ಇನ್ನು ಒಂದು ದಿನ ಇಟ್ಕೊಳ್ಲಿಕ್ಕೆ ಆಗ್ತದಾ ರೋಸಕ್ಕ?"

ಆಸ್ಪತ್ರೆ ಏನು ಛತ್ರವಾ ಎಂದು ಗದರಿದೆ. ಮುಂದಿನ ರಜೆಯ ದಿನ ಕಾರು ತೆಗೆದುಕೊಂಡು ಅವಳ ಮನೆಗೆ ಹೋದಾಗ ಗದರಿದ್ದಕ್ಕೆ ನನಗೇ ನಾಚಿಕೆಯಾಯಿತು.

ನಿಜ್ವಾದಿಂದ ನಲವತ್ತು ಕಿಲೋಮೀಟರು, ಅದರಲ್ಲಿ ಕೊನೆಯ ಆರು ಕಲ್ಲುಮಣ್ಣಿನ ದಾರಿ. ಅಲ್ಲಿ ಅವಳ ಗಂಡನ ಕಫೀಲನ, ಅಂದರೆ ವೀಸಾ ಕೊಟ್ಟ ಒಮಾನಿ ಧಣಿಯ, ಖರ್ಜೂರದ ತೋಟ. ತೋಟದ ನಡುವೆ ಬಾಡಿಗೆಗೆ ಕೊಡುವ ಒಂದು ಬಂಗಲೆ, ಈಜುಕೊಳ. ಗುರುವಾರ ಮಧ್ಯಾಹ್ನದಿಂದ ಶನಿವಾರದವರೆಗೆ ಮಸ್ಕತ್ತಿನ ಜನ ಬಂದು ಇರುತ್ತಾರೆ. ಪಂಪು, ಜನರೇಟರು, ಕೊಳ ಎಲ್ಲ ನೋಡಿಕೊಳ್ಳುವವನು ಸೌದಳ ಗಂಡ ಮಮ್ಮದ್. ಅವನ ಹೆಂಡತಿ, ಮಗಳು ಬರುತ್ತಾರೆ ಎಂದಾಗ ಕಫೀಲ್ ಕಾರಿನ ಹಿಂದೆ ಕಟ್ಟಿ ಎಳೆಯುವ ತನ್ನ ಹಳೆಯ ಕ್ಯಾರವಾನನ್ನೇ ಕೊಟ್ಟುಬಿಟ್ಟ. ಚಳಿಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಮರಳುಗಾಡಿಗೆ ಹೋಗಿ ಎರಡು ದಿನ ಇದ್ದು ಬರಲು ಕೊಂಡದ್ದು ಅದು. ಎರಡು ದಿನಕ್ಕೆಂದು ಮಾಡಿದ್ದರಲ್ಲಿ ಇವರು ಮೂರನೆಯ ವರ್ಷ ಸಂಸಾರ ಮಾಡುತ್ತಿದ್ದರು.

ಮಮ್ಮದನ ಕೈಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಮಡಚುವ ಮೇಜು, ಬೆಂಚು ಕಿತ್ತು ಅಲ್ಲಿ ಗಟ್ಟಿ ಮಂಚ ಮಾಡಿದ್ದ. ಮಂಚದ ಕೆಳಗೆ ಅಕ್ಕಿ ಚೀಲ, ಸೂಟ್‌ಕೇಸು. ಒಬ್ಬರು ತಿರುಗಲಾಗದ ಕಕ್ಕಸನ್ನು ಉಗ್ರಾಣ ಮಾಡಿ, ಹೊರಗೆ ಕಲ್ಲಿನಲ್ಲಿ ಕಕ್ಕಸು, ಬಚ್ಚಲು ಕಟ್ಟಿದ್ದ. ಒಳಗೆ ಮೀನು ಹುರಿದರೆ ವಾರಗಟ್ಟಲೆ ಹಾಸಿಗೆಯೂ ಮೀನು ನಾರುತ್ತದೆಂದು ಪಕ್ಕದಲ್ಲಿ ತಗಡಿನ ಮಾಡು ಇಳಿಸಿ ಅಡುಗೆಯನ್ನು ಅಲ್ಲಿಗೆ ಸಾಗಿಸಿದ್ದ. ಬಿಸಿಲಿಗೆ ಮೇಲೆ ಥರ್ಮೊಕೋಲು, ಅದರ ಮೇಲೆ ಖರ್ಜೂರದ ಗರಿಯ ಚಪ್ಪರ.

ಮೊದಲು ನಾಲ್ಕು ಕಿಟಕಿಗಳಿದ್ದವಂತೆ. ಒಂದರಲ್ಲಿ ಎಸಿ ಕೂತಿತು. ಇನ್ನೊಂದು ಅಡುಗೆ ಮಾಡಿನ ಕಡೆಗಾದ್ದರಿಂದ, ಹೊಗೆ ಬರುತ್ತದೆಂದು ಹಲಗೆ ಹೊಡೆದು ಮುಚ್ಚಿದರು. ಬಟ್ಟೆ ಇಡಲು ಜಾಗವಿಲ್ಲ ಎಂದು ಸೌದ ಗೋಳಾಡಿದಾಗ ಮೂರನೆಯದಕ್ಕೆ ಅಡ್ಡವಾಗಿ ಕಪಾಟು ಬಂತು. ಆ ಕಪಾಟಿನ ಐಡಿಯಾ ನನ್ನದು. ಅವಳು ಏನು ಕಷ್ಟ ಹೇಳಿಕೊಂಡರೂ ಅದಕ್ಕೊಂದು ಹಲಗೆ, ನಾಲ್ಕು ಸ್ಕ್ರೂ ಹುಡುಕುವುದು ನನ್ನ ಮತ್ತು ಮಮ್ಮದನ ಚಾಳಿಯಾಗಿತ್ತು. ಅವಳು ಹಲಗೆ ಕೇಳುತ್ತಿರಲಿಲ್ಲ ಎಂಬುದು ನನ್ನ ದಪ್ಪ ತಲೆಗೆ ಹೊಳೆಯಲು ವರ್ಷ ಹಿಡಿಯಿತು.

ಉಳಿದ ಒಂದು ಕಿಟಕಿ ಕೊಳದ ಕಡೆಗೆ. ಗುರುವಾರ ಗಂಡಸರ ಗಲಾಟೆ ಶುರುವಾದರೆ ಸೌದ ಅದಕ್ಕೂ ಪರದೆ ಎಳೆದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬಚ್ಚಲಿಗೆ ಹೋಗಲೂ ಬುರ್ಖಾ ಬೇಕು. ಮಮ್ಮದನಿಗೆ ಆ ಮೂರು ದಿನ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಅವಳಿಗೆ ಕಾರು ಬಿಡಲು ಬರುವುದಿಲ್ಲ, ಬಂದರೂ ಕಾರಿಲ್ಲ. ಒಂದು ಹೆಣ್ಣುಮುಖ ನೋಡಬೇಕಾದರೆ ನಾನೇ ಹೋಗಬೇಕು.

"ಗೋಡೆ ಎಲ್ಲ ಹತ್ರ ಹತ್ರ ಬಂದ ಹಾಗೆ ಆಗ್ತದೆ ರೋಸಕ್ಕ," ಎಂದು ಆಫಿಯಾಳ ತಲೆ ಸವರುತ್ತಿದ್ದಳು. "ಇವಳು ಇದ್ದಾಳೆ ಹೇಳಿ ಮಾತಾಡ್ಲಿಕ್ಕೆ ಒಂದು ಜನ. ಇಲ್ಲದಿದ್ರೆ ನಾನು ಎಸಿ ಹತ್ರ ಮಾತಾಡ್ಬೇಕು."

ಇಂಥದ್ದರಲ್ಲಿ ಈ ಜನವರಿಯಲ್ಲಿ ಅವಳಿಗೊಂದು ದಾರಿ ಕಂಡಿತು. ಮಮ್ಮದನ ದೊಡ್ಡಮ್ಮನ ಮಗ ಫಾಹಿಮ್‌ಗೆ ಮಸ್ಕತ್ತಿನ ರೂವಿಯಲ್ಲಿ ಎಸಿ ರಿಪೇರಿ ಅಂಗಡಿ ಇದೆ. ಅಲ್ಲಿ ಕೆಲಸ, ಪಕ್ಕದ ದಾರ್ಸೈಟಿನಲ್ಲಿ ಇರಲು ಚಿಕ್ಕ ಫ್ಲಾಟು. ಅದೇ ಕಟ್ಟಡದಲ್ಲಿ ಫಾಹಿಮನ ಹೆಂಡತಿ ಸಫೀನಾ. ಏಪ್ರಿಲಿನಲ್ಲಿ ಒಂದನೇ ಕ್ಲಾಸು ಸೇರಬೇಕಾದ ಆಫಿಯಾಳಿಗೆ ನಡೆದುಹೋಗುವಷ್ಟು ದೂರದಲ್ಲಿ ಶಾಲೆ. ತಿಂಗಳ ಕೊನೆಯೊಳಗೆ ಒಂದು ಮಾತು ಹೇಳಬೇಕು, ಅಷ್ಟೆ. ಸಫೀನಾ ಫ್ಲಾಟಿನ ವೀಡಿಯೊ ಕಳಿಸಿದ್ದಳು. ಸೌದ ಅದನ್ನು ನನಗೆ ನಾಲ್ಕು ಸಲ ತೋರಿಸಿದಳು.

"ಬಾಲ್ಕನಿ ಉಂಟು ನೋಡಿ. ಬಟ್ಟೆ ಒಣಗ್ಲಿಕ್ಕೆ ಹಾಕಿದ್ರೆ ರಸ್ತೆ ಕಾಣ್ತದೆ."

ಮಮ್ಮದನ ಕರಾರಿನ ಅವಧಿ ಮುಗಿದಿತ್ತು. ಈಗಿನ ಕಾನೂನಿನಲ್ಲಿ ಕೆಲಸ ಬದಲಿಸಲು ಅವನಿಗೆ ಕಫೀಲನ ಒಪ್ಪಿಗೆಯ ಕಾಗದ ಬೇಕಿರಲಿಲ್ಲ. ಆದರೂ ಅವನದ್ದು ಒಂದೇ ಹಟ.

"ಅವರ ಬಾಯಿಂದ 'ಹೋಗು' ಅಂತ ಬರ್ಬೇಕು ಸಿಸ್ಟರ್. ಇವಳ ವೀಸಾಕ್ಕೆ ಅವರು ಎಷ್ಟು ಓಡಾಡಿದ್ದಾರೆ ಗೊತ್ತುಂಟಾ?"

"ನೀವು ಕೆಲಸ ಬಿಡುದಾ, ಹೆಣ್ಣು ಕೇಳ್ಲಿಕ್ಕೆ ಹೋಗುದಾ?" ಎಂದು ನಾನು ರೇಗಿಸಿದೆ. ಅವನು ನಗಲಿಲ್ಲ. ಕಫೀಲನನ್ನು ಊಟಕ್ಕೆ ಕರೆಯುವುದು, ಊಟದ ಹೊತ್ತಿಗೆ ವಿಷಯ ಎತ್ತುವುದು ಎಂದು ನಿಶ್ಚಯವಾಯಿತು.

ಆ ಮಂಗಳವಾರ ನಾನೂ ಹೋಗಿದ್ದೆ. ತುಪ್ಪದನ್ನ, ಕೋಳಿ ಸುಕ್ಕ, ಅಕ್ಕಿ ರೊಟ್ಟಿ. ಗಂಡಸರು ಒಳಗೆ ಊಟಕ್ಕೆ ಕೂತರು, ನಾನು ಮತ್ತು ಸೌದ ಹೊರಗೆ ಅಡುಗೆ ಮಾಡಿನಲ್ಲಿ. ನಡುವೆ ಇದ್ದದ್ದು ಬೆರಳು ದಪ್ಪದ ಗೋಡೆ. ಕಫೀಲ್ ಸೊಗಸಾಗಿ ಹಿಂದಿ ಮಾತಾಡುತ್ತಾನೆ, ಒಂದಕ್ಷರ ಬಿಡದೆ ಕೇಳುತ್ತಿತ್ತು.

ನಮ್ಮ ಕಡೆಯವರಿಗೆ ಒಂದು ರೋಗ ಇದೆ. ಬಿಟ್ಟುಹೋಗುವ ಮಾತು ಎತ್ತುವ ಮೊದಲು ಇದ್ದ ಜಾಗವನ್ನು ಹೊಗಳಬೇಕು. ನೇರವಾಗಿ ಹೇಳಿದರೆ ಉಂಡ ಮನೆಗೆ ಎರಡು ಬಗೆದ ಹಾಗೆ ಎಂಬ ಹೆದರಿಕೆ. ಮಮ್ಮದ್ ಶುರುಮಾಡಿದ.

"ನಮಗೆ ಇಲ್ಲಿ ಏನೂ ಕಡಿಮೆ ಇಲ್ಲ. ಸ್ವಂತ ಮನೆಯ ಹಾಗೆ ಇದ್ದೇವೆ. ಸೌದಳಿಗಂತೂ ಈ ಜಾಗ ಎಂದರೆ ಪ್ರಾಣ."

ಸೌದಳ ಕೈಯಲ್ಲಿದ್ದ ಸೌಟು ನಿಂತಿತು.

"ಮಗಳ ಶಾಲೆಯದ್ದು ಮಾತ್ರ ಒಂದು ಚಿಂತೆ," ಎಂದು ಮಮ್ಮದ್ ಮುಂದುವರಿಸಿದ. ದಾರ್ಸೈಟಿನ ಮಾತು ಬರಬೇಕಾಗಿದ್ದದ್ದು ಅಲ್ಲೇ. ಕಫೀಲ್ ಅವನಿಗೆ ಉಸಿರು ತೆಗೆಯಲು ಬಿಡಲಿಲ್ಲ.

"ಖಲಾಸ್. ಅದೊಂದು ಚಿಂತೆಯೇ? ನನ್ನ ಮಗನ ಕಾರು ದಿನಾ ಬೆಳಿಗ್ಗೆ ನಿಜ್ವಾಕ್ಕೆ ಹೋಗುತ್ತದೆ. ಮೊಮ್ಮಕ್ಕಳ ಜೊತೆ ಅವಳೂ ಹೋಗಲಿ, ಇಂಡಿಯನ್ ಶಾಲೆಗೆ ಬಿಡುತ್ತಾನೆ." ಆಮೇಲೆ ಕಾಲಿನಿಂದ ನೆಲ ಒತ್ತಿದ ಸದ್ದು ಕೇಳಿತು. "ಇದು ಅಲುಗಾಡುತ್ತದಲ್ಲ. ಇಷ್ಟು ಚೆನ್ನಾಗಿ ಮಾಡಿಕೊಂಡಿದ್ದೀರಿ, ಸಂಸಾರ ಇರುವ ಮನೆ ಅಲುಗಾಡಬಾರದು. ಆಳು ಕಳಿಸುತ್ತೇನೆ."

ನಾನು ಎದ್ದು ನಿಂತೆ. ಒಳಗೆ ಹೋಗಿ ಎರಡು ಮಾತು ಆಡಿಬಿಡುವುದೇ ಎಂದಿದ್ದೆ. ಸೌದ ನನ್ನ ಸೆರಗು ಹಿಡಿದಳು.

"ಬೇಡ ರೋಸಕ್ಕ. ಉಣ್ತಾ ಇದ್ದಾರೆ."

ಹಾಗೆಂದು ಇನ್ನೊಂದು ಬಟ್ಟಲು ಸುಕ್ಕ ತುಂಬಿಸಿ ಬಾಗಿಲಿನ ಹತ್ತಿರ ಮಗಳ ಕೈಗೆ ಕೊಟ್ಟಳು. ಊಟ ಮುಗಿಸಿ ಕಫೀಲ್ ಕೈಯೆತ್ತಿ ಆ ಮನೆಗೆ ದುವಾ ಮಾಡಿದ. ಮಮ್ಮದ್ ಆಮೀನ್ ಅಂದ.

ಕಫೀಲನ ಕಾರು ಮರೆಯಾದ ಮೇಲೆ ನಾನು ಮಮ್ಮದನ ಮೇಲೆ ಎಗರಾಡಿದೆ. ಅವನು ಹಣೆಯ ಬೆವರು ಒರೆಸಿಕೊಂಡ.

"ಹೇಳ್ಬೇಕು ಅಂತಲೇ ಇದ್ದೆ ಸಿಸ್ಟರ್. ಅಷ್ಟು ಮಾಡ್ತೇನೆ ಅಂದ ಮೇಲೆ ಯಾವ ಬಾಯಲ್ಲಿ ಹೇಳುದು?"

ಸಿಟ್ಟು ಇಳಿಯಲಿಲ್ಲ, ಆದರೆ ಅವನನ್ನು ನೋಡಿ ಪಾಪ ಅನ್ನಿಸಿತು. ಕಫೀಲನ ಒಳ್ಳೆಯತನದ ಎದುರು ನನ್ನ ಬಾಯಿಯೂ ಎಷ್ಟು ದೂರ ಹೋಗುತ್ತಿತ್ತೋ ಗೊತ್ತಿಲ್ಲ. ಸೌದ ಪಾತ್ರೆ ತೊಳೆಯುತ್ತಿದ್ದಳು.

ಆ ಭಾನುವಾರ ಇಬ್ಬರು ಮೇಸ್ತ್ರಿಗಳು ಬಂದು ಕ್ಯಾರವಾನಿಗೆ ಜಾಕ್ ಕೊಟ್ಟು, ಗಾಲಿಗಳನ್ನು ಕಳಚಿ, ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಹೋದರು. ತಿಂಗಳು ಮುಗಿದಾಗ ಫಾಹಿಮ್ ಬೇರೆಯವನನ್ನು ಕೆಲಸಕ್ಕೆ ತೆಗೆದುಕೊಂಡ. ನನ್ನ ರೂಮಿಗೆ ಬಂದು ಒಂದು ವಾರ ಇರು ಎಂದು ಸೌದಳನ್ನು ಕರೆದೆ.

"ಇದ್ದು ಮತ್ತೆ ಇಲ್ಲಿಗೇ ಬರ್ಲಿಕ್ಕೆ ಉಂಟಲ್ಲ," ಎಂದಳು. "ಅದು ಇನ್ನೂ ಕಷ್ಟ."

ಏಪ್ರಿಲಿನಲ್ಲಿ ಶಾಲೆ ಶುರುವಾದ ದಿನ ನಾನು ರಾತ್ರಿ ಪಾಳಿ ಮುಗಿಸಿ ಬಂದು ಅವಳಿಗೆ ಫೋನು ಮಾಡಿದೆ. ಆಫಿಯಾ ಹೊಸ ಯೂನಿಫಾರ್ಮ್ ಹಾಕಿಕೊಂಡು ಕಫೀಲನ ಮೊಮ್ಮಕ್ಕಳ ಜೊತೆ ಕಾರಿನಲ್ಲಿ ಹೋದಳಂತೆ, ಹಿಂತಿರುಗಿಯೂ ನೋಡಲಿಲ್ಲವಂತೆ.

"ಅಂತೂ ಮಗುವಿಗೆ ಶಾಲೆ ಸಿಕ್ತಲ್ಲ, ಒಳ್ಳೆದಾಯ್ತು," ಎಂದೆ.

"ಸಿಕ್ತು. ಇಷ್ಟು ದಿನ ಅವಳಾದ್ರೂ ಇದ್ದಳು ರೋಸಕ್ಕ."

"ಮಧ್ಯಾಹ್ನ ಬರ್ತಾಳಲ್ಲ," ಎಂದೆ.

"ಫೋನ್ ಇಡ್ಬೇಡಿ. ಮಾತಾಡದಿದ್ರೂ ಅಡ್ಡಿಲ್ಲ."

ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ. ನಿದ್ದೆ ಬರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಆಫಿಯಾ ಶಾಲೆಯಿಂದ ಬಂದು ಬಾಗಿಲು ಬಡಿಯುವವರೆಗೆ ಆ ಕಡೆಯಿಂದ ಒಂದು ಪಾತ್ರೆಯ ಸದ್ದೂ ಕೇಳಲಿಲ್ಲ.